ಸೂಜಿಗಲ್ಲು: ಕುಲುಮೆಯಿಂದ ಅಡುಗೆಮನೆಗೆ

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಸಿಗುವ ಮಲಪನಗುಡಿಯ ಸುತ್ತಲಿನದು ಕಬ್ಬಿಣದ ಸೀಮೆ. ದಕ್ಷಿಣಕ್ಕೆ ಸಂಡೂರಿನ ಬೆಟ್ಟಸಾಲು. ಅದರ ಹೊಸಪೇಟೆ ಕಡೆಯ ತುದಿಯಲ್ಲಿ ಜಂಬುನಾಥನ ಬೆಟ್ಟ. ಈ ಸಾಲಿನ ಕೆಂಪು ಅದಿರಿನ ತುಂಡೊಂದಕ್ಕೆ ಮನೆಯಲ್ಲಿರುವ ಅಯಸ್ಕಾಂತವನ್ನು ಹಿಡಿದರೆ ಸಾಮಾನ್ಯವಾಗಿ ಅಂಟುವುದಿಲ್ಲ. ನೂರಕ್ಕೆ ಅರವತ್ತು ಪಾಲಿನಷ್ಟು ಕಬ್ಬಿಣವಿರುವ ಕಲ್ಲೂ ಅಯಸ್ಕಾಂತಕ್ಕೆ ಒಲಿಯುವುದಿಲ್ಲವೆಂದರೆ ಯಾರಿಗಾದರೂ ಆಶ್ಚರ್ಯವೇ.

ಕಾರಣ ಅದಿರಿನ ಜಾತಿಯಲ್ಲಿದೆ. ಸಂಡೂರಿನದು ಬಹುಪಾಲು ಹೆಮಟೈಟ್. ಅದರೊಳಗಿನ ಕಬ್ಬಿಣದ ಪ್ರತಿ ಪರಮಾಣುವೂ ಪುಟ್ಟ ಅಯಸ್ಕಾಂತವೇ. ಆದರೆ ಅರ್ಧದಷ್ಟು ಒಂದು ದಿಕ್ಕಿಗೆ, ಉಳಿದರ್ಧ ಎದುರು ದಿಕ್ಕಿಗೆ ಮುಖ ಮಾಡಿರುವುದರಿಂದ ಒಂದರ ಬಲವನ್ನು ಇನ್ನೊಂದು ಅಳಿಸಿಹಾಕುತ್ತದೆ. ಕುದುರೆಮುಖದ ಕಪ್ಪು ಮ್ಯಾಗ್ನಟೈಟ್ ಹಾಗಲ್ಲ. 2005ರ ಕೊನೆಗೆ ಗಣಿಗಾರಿಕೆ ನಿಲ್ಲುವವರೆಗೂ ಅಲ್ಲಿ ಕಲ್ಲುಪುಡಿಯಿಂದ ಅದಿರನ್ನು ಬೇರ್ಪಡಿಸಲು ಅಯಸ್ಕಾಂತದ ಯಂತ್ರಗಳೇ ನೆರವಾಗುತ್ತಿದ್ದವು.

ಪ್ರಕೃತಿಯಲ್ಲಿ ತಾನಾಗಿಯೇ ಕಾಂತಶಕ್ತಿ ಪಡೆದ ಮ್ಯಾಗ್ನಟೈಟ್ ತುಂಡುಗಳೇ ಹಿಂದಿನವರು ಕಂಡ ಸೂಜಿಗಲ್ಲು. ಸಂಸ್ಕೃತದ ‘ಅಯಸ್ಕಾಂತ’ವೆಂದರೆ ಕಬ್ಬಿಣಕ್ಕೆ ಪ್ರಿಯವಾದದ್ದು. ಸೂಜಿ ಈ ಕಲ್ಲಿನತ್ತ ಸರಿಯುವುದನ್ನು ಕಣಾದನ ವೈಶೇಷಿಕ ಸೂತ್ರಗಳು ಹೇಳುತ್ತವೆ. ಸುಶ್ರುತ ಸಂಹಿತೆಯಂತೂ ಅದನ್ನು ಶಸ್ತ್ರವೈದ್ಯನ ಕೈಗೇ ಕೊಡುತ್ತದೆ: ದೇಹ ಹೊಕ್ಕ ಆಯುಧದ ತುಂಡು ಬಿಗಿಯಾಗಿ ನಾಟಿರದಿದ್ದರೆ, ಅದಕ್ಕೆ ಕೊಕ್ಕೆಗಳಿರದಿದ್ದರೆ, ಗಾಯದ ಬಾಯಿ ಅಗಲವಾಗಿದ್ದರೆ ಅಯಸ್ಕಾಂತದಿಂದ ಎಳೆದು ತೆಗೆಯಬಹುದು.

ಅಯಸ್ಕಾಂತಕ್ಕೆ ಒಲಿಯದ ಕೆಂಪು ಕಲ್ಲನ್ನು ಒಲಿಯುವ ಲೋಹವಾಗಿಸುತ್ತಿದ್ದವರು ಈ ಸೀಮೆಯ ಕಮ್ಮಾರರು. ಮಲಪನಗುಡಿಗೆ ಸಮೀಪದ ಕಮಲಾಪುರ ಕಬ್ಬಿನ ಹಾಲು ಕಾಯಿಸುವ ದೊಡ್ಡ ಕಬ್ಬಿಣದ ಕೊಪ್ಪರಿಗೆಗಳಿಗೆ ಹೆಸರಾಗಿತ್ತು. ಜಂಬುನಾಥನ ಬೆಟ್ಟದ ಅದಿರನ್ನು ಇದ್ದಿಲಿನೊಡನೆ ಕಾಯಿಸಿ, ಆಮ್ಲಜನಕವನ್ನು ಬಿಡಿಸಿ, ಕಬ್ಬಿಣ ತೆಗೆಯುತ್ತಿದ್ದರು. ಅಗ್ಗದ ಇಂಗ್ಲಿಷ್ ಕಬ್ಬಿಣ ಬಂದ ಮೇಲೆ ಅದಿರು ಕರಗಿಸುವ ಕಸುಬು ಸತ್ತಿತೆಂದೂ, ಕಮ್ಮಾರರು ಆಮದಿನ ಕಬ್ಬಿಣದಲ್ಲೇ ಕೊಪ್ಪರಿಗೆ ಮಾಡತೊಡಗಿದರೆಂದೂ 1904ರ ಬಳ್ಳಾರಿ ಜಿಲ್ಲಾ ಗ್ಯಾಸೆಟಿಯರ್ ದಾಖಲಿಸಿದೆ. ಅದಿರಿನ ಬೆಟ್ಟ ಕಣ್ಣೆದುರಿಗೇ ಇದ್ದರೂ ಅದನ್ನು ಲೋಹವಾಗಿಸುವ ಊರಿನ ವಿದ್ಯೆ ಹಾಗೆ ಹೊರಟುಹೋಯಿತು.

ಇಂದು ಅಯಸ್ಕಾಂತ ಅಪರೂಪದ ವಸ್ತುವಲ್ಲ. ಕೆಟ್ಟ ಲೌಡ್‌ಸ್ಪೀಕರಿನಿಂದ ತೆಗೆದ ಕಪ್ಪು ಬಳೆಯೊಂದಿದ್ದರೆ ಬಿಚ್ಚಿದ ಸ್ಕ್ರೂ, ನಟ್ಟುಗಳು ಚೆಲ್ಲಾಪಿಲ್ಲಿಯಾಗುವುದಿಲ್ಲ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ನೆಲದ ಮೇಲೆ ಆಡಿಸಿದರೆ ಮೊಳೆ, ಅರದ ಪುಡಿ ಚೀಲಕ್ಕೆ ಅಂಟುತ್ತವೆ. ಬಳೆಯನ್ನು ಹೊರತೆಗೆದೊಡನೆ ಉದುರುತ್ತವೆ. ಸ್ಕ್ರೂಡ್ರೈವರಿನ ತುದಿಯನ್ನು ಒಂದೇ ದಿಕ್ಕಿಗೆ ಕೆಲವು ಸಲ ಅಯಸ್ಕಾಂತಕ್ಕೆ ಉಜ್ಜಿದರೆ ಅದೂ ಸ್ಕ್ರೂ ಹಿಡಿಯುತ್ತದೆ. ಗಿರಣಿಗಳಲ್ಲಿ ಕಾಳಿನೊಳಗಿನ ಕಬ್ಬಿಣದ ಚೂರು ಹೆಕ್ಕಲೂ ಇದೇ ಬೇಕು. ಬಾವಿಗೆ ಬಿದ್ದ ಕಬ್ಬಿಣದ ಬಕೆಟ್ಟನ್ನು ಗಟ್ಟಿ ಅಯಸ್ಕಾಂತ ಹಿಡಿದೀತು. ತಾಮ್ರದ ಕೊಡಕ್ಕೆ ಹಳೆಯ ಪಾತಾಳಗರಡಿಯೇ ಗತಿ.

ಹಿತ್ತಾಳೆಯೆಂದು ಮಾರುವ ವಿಗ್ರಹಕ್ಕೆ ಅಯಸ್ಕಾಂತ ಅಂಟಿದರೆ ಒಳಗಿರುವುದು ಕಬ್ಬಿಣವೆಂದು ತಿಳಿಯಬೇಕು. ಪಾತ್ರೆ ಇಂಡಕ್ಷನ್ ಒಲೆಗೆ ಆದೀತೇ ಎಂಬುದಕ್ಕೂ ತಳಕ್ಕೆ ಅದನ್ನು ಹಿಡಿದು ನೋಡುವುದೇ ಸುಲಭದ ಪರೀಕ್ಷೆ. ಆದರೆ ಅಂಟುವ ಸ್ಟೀಲೆಲ್ಲ ಕಳಪೆಯೆಂಬ ಮಾತು ನಿಜವಲ್ಲ. ಸಾಕಷ್ಟು ನಿಕ್ಕಲ್ ಬೆರೆತ ಸ್ಟೇನ್‌ಲೆಸ್ ಸ್ಟೀಲ್ ಸಾಮಾನ್ಯವಾಗಿ ಅಂಟುವುದಿಲ್ಲ, ನಿಕ್ಕಲ್ ಇಲ್ಲದ ಕ್ರೋಮಿಯಂ ಸ್ಟೀಲ್ ಅಂಟುತ್ತದೆ.

1980ರ ದಶಕದಲ್ಲಿ ಬಂದ ನಿಯೋಡಿಮಿಯಂ ಅಯಸ್ಕಾಂತಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಮಗು ಎರಡನ್ನು ನುಂಗಿದರೆ ಕರುಳಿನ ಮಡಿಕೆಗಳ ಆಚೀಚೆಯಿಂದ ಅವು ಒಂದನ್ನೊಂದು ಎಳೆದು ತೂತು ಮಾಡಬಲ್ಲವು. ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಪೇಸ್‌ಮೇಕರ್ ಇರುವವರಿಂದಲೂ ಇವನ್ನು ದೂರವಿಡಬೇಕು.

ಇನ್ನು ಲೌಡ್‌ಸ್ಪೀಕರಿನ ಆ ಕಪ್ಪು ಬಳೆ. ಅದು 1950ರ ದಶಕದ ಆರಂಭದಲ್ಲಿ ನೆದರ್ಲೆಂಡ್ಸ್‌ನ ಫಿಲಿಪ್ಸ್ ಪ್ರಯೋಗಾಲಯದಿಂದ ಬಳಕೆಗೆ ಬಂದ ಫೆರೈಟ್ ಜಾತಿಯದು. ಐರನ್ ಆಕ್ಸೈಡ್ ಪುಡಿಗೆ ಬೇರಿಯಂ ಇಲ್ಲವೇ ಸ್ಟ್ರಾನ್ಷಿಯಂ ಲವಣ ಬೆರೆಸಿ, ಸಾವಿರ ಡಿಗ್ರಿಗೂ ಮಿಗಿಲಾದ ಶಾಖದಲ್ಲಿ ಸುಟ್ಟು ಅದನ್ನು ಮಾಡುತ್ತಾರೆ. ಆ ಐರನ್ ಆಕ್ಸೈಡ್ ಬೇರೇನೂ ಅಲ್ಲ. ರಾಸಾಯನಿಕವಾಗಿ ಅದೂ ಹೆಮಟೈಟೇ, ಜಂಬುನಾಥನ ಬೆಟ್ಟದಲ್ಲಿರುವ, ಅಯಸ್ಕಾಂತಕ್ಕೆ ಅಂಟದ ಅದೇ ಕೆಂಪು ವಸ್ತು.