ಗುರಾಣಿ ಯಾರು ಹಿಡೀತಾರೆ ಸಾರ್?

ಒಂದು ಕಾರ್ಯಕ್ರಮಕ್ಕೆ ಹೊನ್ನವಳ್ಳಿಗೆ ಹೋಗಿದ್ದೆ. ಭಾಷಣ ಮುಗಿಸಿ ಟೀ ಕುಡೀತಾ ನಿಂತಿದ್ದಾಗ ಒಬ್ಬ ಹುಡುಗ ಹತ್ತಿರ ಬಂದ. ತೆಂಗಿನ ನಾರಿನ ಮಿಷನ್‌ಗೆ ಸಿಕ್ಕಿ ಅವನ ಎಡಗೈ ಮೊಣಕೈವರೆಗೂ ಹೋಗಿತ್ತು. "ಸಾರ್, ಟೀವೀಲಿ ಯುದ್ಧದ ಕಥೆ ಹೇಳ್ತೀರಲ್ಲ, ಆ ಕಾಲದಲ್ಲಿ ಒಂದೇ ಕೈ ಇರೋನಿಗೆ ಯಾವ ಆಯುಧ ಕೊಡ್ತಿದ್ರು?" ಅಂದ.

"ಕತ್ತಿ ಕಣಪ್ಪ, ಅದಕ್ಕೆ ಒಂದು ಕೈ ಸಾಕಲ್ಲ" ಅಂದೆ.

ಅವನು ನಕ್ಕ. "ಹಂಗಾದ್ರೆ ಗುರಾಣಿ ಯಾರು ಹಿಡೀತಾರೆ ಸಾರ್?"

ಪ್ರಶ್ನೆ ಕೇಳೋದೇ ಕಸುಬಾದ ನನಗೆ ಅವತ್ತು ಉತ್ತರ ಹೊಳೆಯಲಿಲ್ಲ.

ನೋಡಿ, ನಾವು ಹೊಡೆಯುವ ಕೈಯನ್ನಷ್ಟೇ ನೋಡ್ತೀವಿ. ಗುರಾಣಿ ಹಿಡಿಯೋದು, ಕುದುರೆಯ ಲಗಾಮು ಹಿಡಿಯೋದು ಇನ್ನೊಂದು ಕೈ. ಬಿಲ್ಲಿಗಂತೂ ಎರಡೂ ಕೈ ಬೇಕೇ ಬೇಕು. ಮೈಸೂರು ದಸರೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನೋಡಿದ್ದೀರಲ್ಲ? ಆಯುಧ ಒಂದು ಮುಷ್ಟಿಯೊಳಗೆ ಕೂರುತ್ತೆ. ಆದರೆ ಎದುರಾಳಿಯನ್ನು ತಡೆಯೋಕೆ, ಹಿಡಿಯೋಕೆ ಇನ್ನೊಂದು ಕೈ ಇರಲೇಬೇಕು. ಅಷ್ಟು ಚಿಕ್ಕ ಆಯುಧದ ಕಥೆಯೇ ಹೀಗೆ!

ಹಾಗಾಗಿ ಉಳಿದ ಕೈಗೆ ಏನು ಕೊಡಬೇಕು ಅನ್ನೋದು ಆಮೇಲಿನ ಮಾತು. ಹೋದ ಕೈಯ ಕೆಲಸ ಯಾರು ಮಾಡ್ತಾರೆ? ಅದು ಮೊದಲ ಪ್ರಶ್ನೆ.

ಇತಿಹಾಸದಲ್ಲಿ ಇದಕ್ಕೆ ಮೂರು ಉತ್ತರ ಸಿಗುತ್ತೆ. ಜರ್ಮನಿಯ ಗೋಟ್ಸ್ ಎಂಬ ಯೋಧ 1504ರಲ್ಲಿ ಲ್ಯಾಂಡ್‌ಶಟ್ ಮುತ್ತಿಗೆಯಲ್ಲಿ ಕೈ ಕಳೆದುಕೊಂಡ. ಅವನು ಕಬ್ಬಿಣದ ಕೈ ಮಾಡಿಸಿಕೊಂಡ. ಸ್ಪ್ರಿಂಗ್ ಇದ್ದ ಬೆರಳುಗಳು ಮಡಚಿ ಲಗಾಮನ್ನು ಬಿಗಿಯಾಗಿ ಹಿಡೀತಿದ್ವು. ಅಂದ್ರೆ ಒಂದು ಯಂತ್ರವೇ ಅವನ ಎರಡನೇ ಕೈ ಆಯ್ತು.

ಮೇವಾಡದ ರಾಣಾ ಸಂಗ ಇಬ್ರಾಹಿಂ ಲೋದಿ ವಿರುದ್ಧದ ಯುದ್ಧದಲ್ಲಿ ಒಂದು ತೋಳು ಕಳೆದುಕೊಂಡ. ಹಾಗಂತ ಮನೇಲಿ ಕೂರಲಿಲ್ಲ. 1527ರಲ್ಲಿ ಖಾನ್ವಾದಲ್ಲಿ ಬಾಬರನ ಎದುರು ರಜಪೂತರ ದೊಡ್ಡ ಒಕ್ಕೂಟವನ್ನೇ ತಂದು ನಿಲ್ಲಿಸಿದ. ಸೋತ, ನಿಜ. ಆದರೆ ಅವನ ಗುರಾಣಿ ಹಿಡಿದಿದ್ದು ಸುತ್ತ ನಿಂತ ಜನ.

ಮೂರನೆಯವನ ಕಥೆ ನಮ್ಮ ಮನೆ ಬಾಗಿಲಿಗೇ ಬಂತು. 1797ರ ಜುಲೈನಲ್ಲಿ ಬ್ರಿಟಿಷ್ ನೌಕಾಧಿಕಾರಿ ನೆಲ್ಸನ್‌ನ ಬಲಗೈ ಟೆನೆರಿಫ್‌ನಲ್ಲಿ ಹೋಯ್ತು. ಎರಡು ಮೂರು ದಿನದಲ್ಲೇ ಎಡಗೈಯಲ್ಲಿ ವಕ್ರವಕ್ರವಾಗಿ ಮೇಲಧಿಕಾರಿಗೆ ಪತ್ರ ಬರೆದ. ಇನ್ನು ನಾನು ಯಾರಿಗೂ ಬೇಡವಾದವನು ಅನ್ನೋ ಸಂಕಟ ಅದರಲ್ಲಿತ್ತು. ಆದರೆ ಬ್ರಿಟನ್ ಅವನನ್ನು ಮೂಲೆಗೆ ಕೂರಿಸಲಿಲ್ಲ, ಹಡಗುಪಡೆ ಕೊಟ್ಟಿತು. 1798ರ ಆಗಸ್ಟ್ 1ರಂದು ಈಜಿಪ್ಟ್ ತೀರದಲ್ಲಿ ಅವನು ಫ್ರೆಂಚ್ ನೌಕಾಪಡೆಯನ್ನು ಧ್ವಂಸ ಮಾಡಿದ. ನೆಪೋಲಿಯನ್ ಸೇನೆ ಅಲ್ಲೇ ಸಿಕ್ಕಿಹಾಕಿಕೊಂಡಿತು. ಇಲ್ಲಿ ಫ್ರೆಂಚರ ನೆರವಿಗೆ ಕಾಯ್ತಿದ್ದವನು ಯಾರು? ಟಿಪ್ಪು ಸುಲ್ತಾನ್. ನೆಪೋಲಿಯನ್ ಅವನಿಗೆ ಬರೆದ ಪತ್ರವೂ ಬ್ರಿಟಿಷರ ಪಾಲಾಯ್ತು. ಒಂಬತ್ತು ತಿಂಗಳಲ್ಲಿ, 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು. ಅದಕ್ಕೆ ಬೇರೆ ಕಾರಣಗಳೂ ಇವೆ, ಒಪ್ಪೋಣ. ಆದರೆ ಒಂಟಿ ಕೈಯವನಿಗೆ ಕೊಟ್ಟ ಆ ಹಡಗುಪಡೆಯೂ ಒಂದು ಕಾರಣ.

ಯಂತ್ರ, ಜನ, ಜವಾಬ್ದಾರಿ. ಮೂರೂ ಇನ್ನೊಬ್ಬರು ಕೈಜೋಡಿಸಿದರೆ ಮಾತ್ರ ಆಗುವಂಥವು.

ಹೊರಡುವ ಮುಂಚೆ ಆ ಹುಡುಗನನ್ನು ಕೇಳಿದೆ, "ಆ ಮಿಷನ್‌ಗೆ ಅಡ್ಡ ಕವಚ ಇರಲಿಲ್ವೇನಪ್ಪ?" "ಇತ್ತು ಸಾರ್, ಕೆಲಸ ಬೇಗ ಆಗಲಿ ಅಂತ ಬಿಚ್ಚಿಟ್ಟಿದ್ರು" ಅಂದ. ಅಪಾಯಕಾರಿ ಯಂತ್ರಭಾಗಕ್ಕೆ ತಡೆ ಇರಲೇಬೇಕು ಅಂತ 1948ರ ಕಾರ್ಖಾನೆ ಕಾಯ್ದೆ ಹೇಳ್ತಿತ್ತು. ಕಾಯ್ದೆ ಪುಸ್ತಕದಲ್ಲಿತ್ತು, ಕವಚ ಮೂಲೆಯಲ್ಲಿತ್ತು.

ಗುರಾಣಿ ಯಾರು ಹಿಡೀತಾರೆ ಅಂತ ಅವನು ಕೇಳಿದ್ದು ಬರೀ ಇತಿಹಾಸದ ಪ್ರಶ್ನೆ ಆಗಿರಲಿಲ್ಲ. ಉತ್ತರ ಕೊಡಬೇಕಾದವನು ನಾನೊಬ್ಬನೇ ಅಲ್ಲ, ಅಲ್ವಾ?