ಡಾಲರ್

ಡಾಲರ್ ಹುಟ್ಟಿದ್ದು ಅಮೆರಿಕದಲ್ಲಲ್ಲ, ಬೊಹೀಮಿಯದ ಯೋಆಖಿಮ್ಸ್‌ಟಾಲ್ ಎಂಬ ಕಣಿವೆಯೂರಿನಲ್ಲಿ. ಅಲ್ಲಿನ ಗಣಿಯ ಬೆಳ್ಳಿಯಿಂದ 1520ರ ಸುಮಾರಿಗೆ ಅಚ್ಚಾದ ನಾಣ್ಯ ‘ಯೋಆಖಿಮ್ಸ್‌ಟಾಲರ್’. ಅಷ್ಟುದ್ದದ ಹೆಸರನ್ನು ಸಂತೆಯಲ್ಲಿ ಯಾರು ಹೇಳುತ್ತಾರೆ? ಅದು ಬರೀ ‘ಟಾಲರ್’ ಆಯಿತು, ಇಂಗ್ಲಿಷರ ಬಾಯಲ್ಲಿ ‘ಡಾಲರ್’.

ಅಮೆರಿಕದ ವಸಾಹತುಗಳಲ್ಲಿ ಬ್ರಿಟಿಷ್ ನಾಣ್ಯಕ್ಕೆ ಸದಾ ಬರ. ಅಲ್ಲಿ ಹೆಚ್ಚು ಓಡಾಡಿದ್ದು ಮೆಕ್ಸಿಕೊ, ಪೊಟೊಸಿಗಳ ಬೆಳ್ಳಿಯಲ್ಲಿ ಅಚ್ಚಾದ, ಎಂಟು ರಿಯಾಲ್ ಬೆಲೆಯ ಸ್ಪೇನಿನ ನಾಣ್ಯ. ಜನ ಅದನ್ನೂ ಡಾಲರ್ ಎಂದರು. ಚಿಲ್ಲರೆ ಬೇಕಾದರೆ ನಾಣ್ಯವನ್ನೇ ಕತ್ತರಿಸುತ್ತಿದ್ದರು! ಎಂಟನೇ ಒಂದು ಪಾಲಿನ ಹೆಸರು ‘ಬಿಟ್’; ಕಾಲು ಡಾಲರಿಗೆ ‘ಟು ಬಿಟ್ಸ್’ ಎನ್ನುವುದು ಅಲ್ಲಿಂದಲೇ.

ರಾಜನ ಪೌಂಡು ಬೇಡವೆಂದ ಹೊಸ ಗಣರಾಜ್ಯ, 1792ರ ಟಂಕಸಾಲೆ ಕಾಯ್ದೆಯಲ್ಲಿ ಡಾಲರನ್ನು ತನ್ನದಾಗಿಸಿಕೊಂಡಿತು. ಸ್ಪೇನಿನ ಡಾಲರಂತೂ 1857ರವರೆಗೆ ಅಲ್ಲಿ ಕಾನೂನುಬದ್ಧವಾಗಿಯೇ ಚಲಾವಣೆಯಲ್ಲಿತ್ತು.