ಆಟದ ಚಾಟ್‌ನಲ್ಲಿ ಮಕ್ಕಳ ಬೆನ್ನುಹತ್ತುವವರು: ಪತ್ತೆ ವಿಧಾನಗಳ ಚರಿತ್ರೆಯನ್ನು ನಂದೂರದಿಂದ ಓದುವುದು

ಕಲಬುರಗಿಯ ಮಗ್ಗುಲಿನ ನಂದೂರದಲ್ಲಿ ಮೊಬೈಲ್ ಆಟ ಆಡುವ ಹುಡುಗನಿಗೆ ಅಪರಿಚಿತನೊಬ್ಬ ‘ಮನ್ಯಾಗ ಯಾರ್ ಅದಾರ?’ ಎಂದು ಕೇಳಿದನೆನ್ನಿ. ಈ ಸಾಲನ್ನು ಅನುಮಾನಿಸಬಲ್ಲ ಯಂತ್ರವಿದೆಯೇ? ಉತ್ತರಕ್ಕೆ ಎರಡು ದಶಕ ಹಿಂದೆ ಹೋಗಬೇಕು.

ಬ್ರಿಟನ್ನಿನ ಸೆಂಟ್ರಲ್ ಲಂಕಾಶೈರ್ ವಿಶ್ವವಿದ್ಯಾಲಯದ ರೇಚೆಲ್ ಓ’ಕಾನೆಲ್ 2003ರಲ್ಲಿ ಇಂಥವರ ನಡೆಯನ್ನು ಹಂತಹಂತವಾಗಿ ಬಿಡಿಸಿಟ್ಟರು: ಸ್ನೇಹ, ಸಲಿಗೆ, ಅಪಾಯದ ಅಂದಾಜು, ಗುಟ್ಟಿನ ನಂಟು, ಆಮೇಲೆ ಲೈಂಗಿಕ ಮಾತು. ಮೂರನೆಯ ಹಂತದಲ್ಲಿ ಅಂಥವನು ಕೇಳುವುದು ಕಂಪ್ಯೂಟರ್ ಯಾವ ಕೋಣೆಯಲ್ಲಿದೆ, ಬೇರೆ ಯಾರು ಬಳಸುತ್ತಾರೆ ಎಂಬಂಥ ಸಂಗತಿ. ಅದರಲ್ಲಿ ಒಂದೂ ಕೆಟ್ಟ ಪದವಿಲ್ಲ.

ಇಂಥವರನ್ನು ಗುರುತಿಸಲು ಯಂತ್ರಕ್ಕೆ ಕಲಿಸಹೊರಟ ಮೊದಲಿಗರಲ್ಲಿ ಸಂಶೋಧಕ ನಿಕ್ ಪೆಂಡಾರ್ ಒಬ್ಬರು (2007). ಅಮೆರಿಕದ ‘ಪರ್ವರ್ಟೆಡ್ ಜಸ್ಟಿಸ್’ ಸ್ವಯಂಸೇವಕರು ಬಯಲಿಗಿಟ್ಟ ಚಾಟ್‌ಗಳೇ ಅವರ ಸಾಮಗ್ರಿ. ಪಠ್ಯ ವಿಶ್ಲೇಷಣೆಯ ‘ಪ್ಯಾನ್’ ಸ್ಪರ್ಧೆಯಲ್ಲೂ (2012) ಬೇಟೆಗಾರರ ಸಂಭಾಷಣೆಗಳಿಗೆ ಅದೇ ಮೂಲ. ಅಲ್ಲಿ ತರಬೇತಿಗೆ ಕೊಟ್ಟ 66,927 ಸಂಭಾಷಣೆಗಳಲ್ಲಿ ಹುಡುಕಬೇಕಿದ್ದ ಬೇಟೆಗಾರರು 142 ಮಂದಿ. ಗೆದ್ದ ಮೆಕ್ಸಿಕೋ ತಂಡ ಮೊದಲು ಸಂಶಯದ ಸಂಭಾಷಣೆಗಳನ್ನು ಜರಡಿ ಹಿಡಿದು, ಬಳಿಕ ಇಬ್ಬರಲ್ಲಿ ಬೇಟೆಗಾರ ಯಾರೆಂದು ತೀರ್ಮಾನಿಸಿತು. ಉಪಾಯವೇನೋ ಚೆನ್ನ, ಆದರೆ ಬುಡದಲ್ಲೇ ಒಂದು ಹುಳುಕಿತ್ತು: ಆ ಚಾಟ್‌ಗಳ ‘ಮಗು’ ನಿಜಕ್ಕೂ ವೇಷ ಹಾಕಿದ ವಯಸ್ಕ. ನಿಜವಾದ ಮಗು ಹಿಂಜರಿಯುತ್ತದೆ, ಮಾತು ತಿರುಗಿಸುತ್ತದೆ, ಊಟಕ್ಕೆ ಕರೆದರೆ ನಡುವೆಯೇ ಎದ್ದು ಹೋಗುತ್ತದೆ. ವೇಷಧಾರಿ ಕಾದು ಕೂರುತ್ತಾನೆ. ಮುಂದಿನ ದಶಕದ ಬಹುಪಾಲು ಸಂಶೋಧನೆ ಈ ಸಂಗ್ರಹವನ್ನೇ ನೆಚ್ಚಿಕೊಂಡದ್ದು ನನಗೆ ಅನಾಹುತವಾಗಿಯೇ ಕಾಣುತ್ತದೆ. ಎಷ್ಟು ಬೇಗ ಪತ್ತೆಯಾಗಬೇಕು ಎಂಬ ಪ್ರಶ್ನೆಯನ್ನು ಸಂಶೋಧಕರಾದ ಫೋಗ್ಟ್, ಲೇಸರ್ ಮತ್ತು ಅಕ್ಬಿಕ್ 2021ರಲ್ಲಿ ಕೈಗೆತ್ತಿಕೊಂಡರು.

ಆಟದ ಕಂಪನಿಗಳು ತಡವಾಗಿ ಬಂದವು. 2020ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಹೊರತಂದ ‘ಆರ್ಟೆಮಿಸ್’ ಸಂಭಾಷಣೆಗೆ ಅಪಾಯದ ಅಂಕ ಕೊಟ್ಟು, ಅದು ಮಿತಿ ಮೀರಿದರೆ ಮನುಷ್ಯರ ಪರಿಶೀಲನೆಗೆ ಕಳಿಸುತ್ತದೆ. 2025ರ ಆಗಸ್ಟ್‌ನಲ್ಲಿ ರೋಬ್ಲಾಕ್ಸ್ ಮುಕ್ತಗೊಳಿಸಿದ ‘ಸೆಂಟಿನೆಲ್’ ಒಂದೊಂದು ನಿಮಿಷದ ಚಾಟ್ ತುಣುಕುಗಳನ್ನು ನೋಡುತ್ತ ಒಬ್ಬನ ಮಾತು ದಿನಗಳೆದಂತೆ ಎತ್ತ ವಾಲುತ್ತಿದೆ ಎಂದು ಅಳೆಯುತ್ತದೆ. ಓ’ಕಾನೆಲ್ ಹೇಳಿದ ಹಂತಗಳಿಗೆ ಯಂತ್ರ ಹತ್ತಿರ ಬಂದದ್ದು ಇಲ್ಲಿ.

ಕನ್ನಡದ ಕಡೆ ನೋಡಿದರೆ, 2020ರ ‘ಕನ್‌ಸಿಎಂಡಿ’ ಸಂಗ್ರಹದಲ್ಲಿ ಯೂಟ್ಯೂಬಿನಿಂದ ಆಯ್ದ 7,671 ಬೆರಕೆ ಕನ್ನಡದ ಟಿಪ್ಪಣಿಗಳಿವೆ. ಅದರ ಗುರಿ ಭಾವ ಮತ್ತು ಬೈಗುಳದ ಪತ್ತೆ. ಅದರಿಂದ ಕಲಿತ ಯಂತ್ರ ಸೋತ ಸಿಟ್ಟಿಗೆ ಗೆಳೆಯನನ್ನು ಬೈದ ಹುಡುಗನನ್ನು ಹಿಡಿದೀತು. ‘ಯಾರಿಗೂ ಹೇಳಬ್ಯಾಡ’ ಎಂದವನು ನುಣುಚಿಕೊಳ್ಳುತ್ತಾನೆ. ದಖನಿ, ಹಿಂದಿ ಬೆರೆತು ಇಂಗ್ಲಿಷ್ ಅಕ್ಷರದಲ್ಲಿ ಮೂಡುವ ಕಲಬುರಗಿ ಮಾತು ಇನ್ನೂ ದೂರದ ಸವಾಲು.

ಕಾನೂನು ಮಾತ್ರ ಮುಂದಿದೆ. ಮಗುವನ್ನು ಲೈಂಗಿಕ ಉದ್ದೇಶದ ಆನ್‌ಲೈನ್ ಸಂಬಂಧಕ್ಕೆ ಪುಸಲಾಯಿಸುವುದನ್ನೇ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ 2009ರ ಅಕ್ಟೋಬರ್ 27ರಿಂದ ಅಪರಾಧವೆನ್ನುತ್ತದೆ. ಮೊದಲ ಸಲಕ್ಕೆ 5 ವರ್ಷದವರೆಗೆ ಸಜೆ. 2012ರ ನವೆಂಬರ್ 14ರಂದು ಜಾರಿಯಾದ ಪೋಕ್ಸೊ ಕಾಯ್ದೆ, ಲೈಂಗಿಕ ಉದ್ದೇಶದಿಂದ ಮಗುವನ್ನು ಡಿಜಿಟಲ್ ಮಾರ್ಗದಲ್ಲಿ ಪದೇ ಪದೇ ಸಂಪರ್ಕಿಸುವುದನ್ನು ಲೈಂಗಿಕ ಕಿರುಕುಳವೆಂದು ಎಣಿಸುತ್ತದೆ. ಆದರೆ ಠಾಣೆಗೆ ಬೇಕಾದದ್ದು ಪುರಾವೆ. ತಂಡದ ಆಟಗಳಲ್ಲಿ ಮಕ್ಕಳು ಟೈಪ್ ಮಾಡದೆ ಮೈಕಿನಲ್ಲಿ ಮಾತಾಡುವುದೂ ಉಂಟು, ಪಂದ್ಯ ಮುಗಿದರೆ ಆ ಮಾತು ಸಾಮಾನ್ಯವಾಗಿ ಮೊಬೈಲಿನಲ್ಲಿ ಉಳಿಯುವುದಿಲ್ಲ.